ಅಕ್ಕ ಕರೆದರೂ

ಪುಟ್ಟೀ,

ಇವತ್ತು ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ರಸ್ತೆ ದಾಟುವ ಪಾಠವಿತ್ತು. ದಿನಕ್ಕೊಮ್ಮೆ ಸೈಕಲ್ಲಿನಿಂದ ಬೀಳುತ್ತಿದ್ದ ನಿನ್ನ ಅಕ್ಕನೇ ಈಗ ಭಾನುವಾರಗಳಲ್ಲಿ ಕಲಿಸುವವಳು, ನಗಬೇಡ. ಸುಣ್ಣದ ಪುಡಿಯಲ್ಲಿ ರಸ್ತೆ ಎಳೆದಿದ್ದೆ. ಟ್ರಾಫಿಕ್ ಪೊಲೀಸಪ್ಪ ಸೈಕಲ್ಲಿಗೆ ರಟ್ಟಿನ ಲಾರಿ ಕಟ್ಟಿಕೊಂಡು ಬರುತ್ತಿದ್ದ. ಈಚೆ ಬದಿಯಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ನಿಂತಿದ್ದಳು. ಆಚೆಯಿಂದ ಅವಳ ಅಕ್ಕ, "ಬಾರೇ, ಏನೂ ಬರ್ತಿಲ್ಲ!" ಎಂದು ಕೂಗಿದಳು. ಇವಳು ಅತ್ತಿತ್ತ ನೋಡದೆ ಓಡಿಯೇಬಿಟ್ಟಳು, ಸರಿಯಾಗಿ ಲಾರಿಯ ಮುಂದಕ್ಕೆ.

ನನ್ನ ಗಂಟಲು ನಿನಗೆ ಗೊತ್ತಲ್ಲ. ನಾನು ಕಿರುಚಿದ್ದಕ್ಕೆ ಮಗು ಅತ್ತೇಬಿಟ್ಟಿತು.

"ರಟ್ಟಿನ ಲಾರಿ ಕಣ್ರೀ ಮೇಡಂ, ಯಾಕಿಷ್ಟು ಗಾಬರಿ?" ಎಂದ ಪೊಲೀಸಪ್ಪ.

ಅವಳ ಕಣ್ಣೊರೆಸಿ, "ಆಚೆಯಿಂದ ಯಾರೇ ಕರೆದ್ರೂ ನಿನ್ನ ಕಣ್ಣಲ್ಲಿ ನೀನೇ ನೋಡ್ಬೇಕು" ಎಂದೆ.

"ಅಕ್ಕ ಕರೆದ್ರೂ?"

"ಅಕ್ಕ ಕರೆದ್ರೂನು."

ಮಕ್ಕಳೆಲ್ಲ ಅದನ್ನು ಮೂರು ಸಲ ಒಟ್ಟಿಗೆ ಕೂಗಿದರು. ನಾನೇ ಕೂಗಿಸಿದೆ.

ಮನೆಗೆ ಬಂದು ಪಾಠದ ವಿಷಯ ಹೇಳಿದಾಗ ಅಮ್ಮ ನಿನ್ನ ಫೋಟೊದ ಹಾರ ಸರಿಮಾಡಿದಳು. "ನಮ್ಮ ಪುಟ್ಟಿಗೆ ಯಾವಾಗ್ಲೂ ಅವಸರ. ಯಾರೂ ಕರೀದೇನೇ ರಸ್ತೆಗೆ ಓಡಿಬಿಟ್ಳು."

ಹನ್ನೊಂದು ವರ್ಷದಿಂದ ಹಾಗೇ ಹೇಳುತ್ತಾಳೆ.

ಇವತ್ತೂ ನಾನು "ಹೂಂ" ಎಂದೆ.