ಕೊಕ್ಕರೆಯ ಮಂಡಿ

ಮನೆ, ಭಾನುವಾರ ಮಧ್ಯಾಹ್ನ, ಜೂನ್ 9

ಪ್ರೀತಿಯ ಅಜ್ಜಾ,

ಮಂಡಿನೋವು ಹೇಗಿದೆ? ಫೋನಿನಲ್ಲಿ ಅತ್ತೆ "ಪರವಾಗಿಲ್ಲ" ಅಂದರು, ಹಿಂದಿನಿಂದ ನೀವು "ಅಯ್ಯಪ್ಪಾ" ಅಂದದ್ದೂ ಕೇಳಿಸಿತು. ಯಾರನ್ನು ನಂಬಲಿ? ಆಪರೇಷನ್ ಮಾತೆತ್ತಿದರೆ ಈಗಲೂ "ಮೊದಲು ಬುಗುರಿ ಶಾಲೆಗೆ ಹೋಗಲಿ, ಆಮೇಲೆ ನನ್ನ ಮಂಡಿ ಕುಯ್ಯಿಸಿ" ಅಂತೀರಂತೆ. ನಾನು ಹೋಗುವುದಿಲ್ಲವೆಂದು ಗೊತ್ತು, ಅದಕ್ಕೇ ಅಷ್ಟು ಧೈರ್ಯ. ನೀವು ಅತ್ತೆಯ ಮನೆಗೆ ಹೋದಾಗಿನಿಂದ ಇಲ್ಲಿ ನಿಮ್ಮ ಕುರ್ಚಿಯ ಮೇಲೆ ಅಮ್ಮ ಒಗೆದ ಬಟ್ಟೆ ರಾಶಿ ಹಾಕುತ್ತಾಳೆ, ನಾನು ತೆಗೆಯುತ್ತೇನೆ, ಅವಳು ಮತ್ತೆ ಹಾಕುತ್ತಾಳೆ.

ನನ್ನ ಕೆಲಸ ಅದೇ, ಶಾಲೆಗಳಿಗೆ ಕಳಿಸುವ ಪ್ಲಾಸ್ಟಿಕ್ ಅಸ್ಥಿಪಂಜರಗಳಿಗೆ ತಂತಿ ಬಿಗಿಯುವುದು. ಇವಳು ಶಾಲೆ ಬಿಟ್ಟಳು, ಇವಳು ಕಟ್ಟಿದ ಮೂಳೆಗಳು ಮಾತ್ರ ತಪ್ಪದೆ ಹೋಗುತ್ತವೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಾಳೆ. ಹೋದ ವಾರ ಮೊದಲ ಸಲ ಒಂದು ಕೊಕ್ಕರೆ ಕೈಗೆ ಬಂತು. ಮನುಷ್ಯರನ್ನೇ ಕಟ್ಟಿ ರೂಢಿಯಾದ ಕೈ. ಕಾಲಿನ ನಡುವಿನ ಗಂಟು ಹಿಂದಕ್ಕೆ ಚಾಚಿತ್ತು. ಮಂಡಿ ಎಲ್ಲಾದರೂ ಹೀಗಿರುತ್ತದೆಯೇ, ಅಚ್ಚು ಹಾಕಿದವರೇ ಎಡವಟ್ಟು ಮಾಡಿದ್ದಾರೆ ಎಂದುಕೊಂಡು, ನಿಮ್ಮ ಮಂಡಿ ನೆನೆದು, ಗಂಟು ಮುಂದಕ್ಕೆ ತಿರುಗಿಸಿ ಬಿಗಿದೆ. ಕೊಕ್ಕರೆ ಥೇಟ್ ನೀವು ಪೇಪರ್ ಓದುತ್ತಾ ಕೂತ ಹಾಗೆ ಕಂಡಿತು. ಕನ್ನಡಕ ಒಂದಿರಲಿಲ್ಲ.

ಒಯ್ಯಲು ಬಂದ ವಿಜ್ಞಾನದ ಟೀಚರ್ ನಗು ತಡೆಯಲಾರದೆ ಸ್ಟೂಲಿನ ಮೇಲೆ ಕುಸಿದರು. "ಯಾರಮ್ಮಾ ಇದನ್ನ ಕುರ್ಚಿ ಮೇಲೆ ಕೂರಿಸಿದ್ದು?" ಅಚ್ಚಿನ ದೋಷ ಎನ್ನಲು ಮಾಲೀಕರು ಬಾಯಿ ತೆರೆಯುವಷ್ಟರಲ್ಲಿ ನಾನು "ನಾನೇ" ಎಂದೆ. ಆಮೇಲೆ ಮಾಲೀಕರು ಬೈದರು, ತಪ್ಪಿಗಲ್ಲ, ಒಪ್ಪಿಕೊಂಡದ್ದಕ್ಕೆ. ಟೀಚರ್ ಹೇಳಿದರು, ನಾನು ತಿರುಗಿಸಿದ್ದು ಮಂಡಿಯೇ ಅಲ್ಲವಂತೆ ಅಜ್ಜಾ, ನಮಗೆ ಪಾದದ ಹತ್ತಿರ ಇರುವ ಗಂಟಂತೆ. ನಿಜವಾದ ಮಂಡಿ ಮೇಲೆ ಗರಿಯೊಳಗೆ ಅಡಗಿರುತ್ತದೆ, ನಮ್ಮದರ ಹಾಗೆ ಮುಂದಕ್ಕೇ. ಪಾಪದ ಹಕ್ಕಿ, ಜೀವನವಿಡೀ ತುದಿಗಾಲಿನಲ್ಲಿ ನಿಂತಿರುತ್ತದೆ. ರೆಕ್ಕೆಯಲ್ಲೂ ನಮ್ಮ ತೋಳಿನಂತೆ ಮೇಲೊಂದು ಮೂಳೆ, ಕೆಳಗೆರಡು. ಕೋಟ್ಯಂತರ ವರ್ಷಗಳ ಹಿಂದಿನ ಒಂದೇ ಪೂರ್ವಜರಿಂದ ಅವೂ ನಾವೂ ಕವಲೊಡೆದು ಬಂದೆವಂತೆ. ಆ ಲೆಕ್ಕಕ್ಕೆ ನಮ್ಮ ಕಿಟಕಿ ಗಲೀಜು ಮಾಡುವ ಪಾರಿವಾಳವೂ ನೆಂಟರೇ. ಅಮ್ಮನಿಗೆ ಹೇಳಿದೆ. "ಇರೋ ನೆಂಟರೇ ಸಾಕು" ಅಂದಳು.

ಹಾಗಾದರೆ ನಮಗೇಕೆ ಹಾರಲಾಗದು, ಅದಕ್ಕೇಕೆ ಮಂಡಿ ನೋಯದು ಎಂದು ಗಂಟನ್ನು ಮತ್ತೆ ಹಿಂದಕ್ಕೆ ತಿರುಗಿಸಿ ಬಿಗಿಯುತ್ತಾ ಟೀಚರನ್ನು ಕೇಳುತ್ತಲೇ ಹೋದೆ. ಅವರು ಗಡಿಯಾರ ನೋಡಿ, ಕೊಕ್ಕರೆಯನ್ನು ಬಗಲಲ್ಲಿ ಇರುಕಿಕೊಂಡು ಹೊರಟೇಬಿಟ್ಟರು.

ಅತ್ತೆಗೆ ನನ್ನ ನಮಸ್ಕಾರ. ನಿಮ್ಮ ಕಾಲಿಗೂ, ಮುಟ್ಟಿದರೆ ನೋಯುತ್ತದೆಂದು ದೂರದಿಂದಲೇ.

ನಿಮ್ಮ ಮೊಮ್ಮಗಳು,
ಬುಗುರಿ

ತಾ.ಕ.: ಮೊನ್ನೆ ಆ ಟೀಚರ್ ಪಾಠ ಹೇಳುವ ಸಂಜೆ ಶಾಲೆಗೆ ಸೇರಿದ್ದೇನೆ. ನಿಮಗೋಸ್ಕರ ಎಂದರೆ ಸುಳ್ಳಾಗುತ್ತದೆ, ಕೊಕ್ಕರೆ ಕಾಟ ತಡೆಯಲಾರದೆ. ಆದರೆ ಮಾತು ಕೊಟ್ಟದ್ದು ನೀವು, ಕೇಳಿಸಿಕೊಂಡದ್ದು ಮನೆಮಂದಿಯೆಲ್ಲ. ಡಾಕ್ಟರ ಹತ್ತಿರ ಯಾವತ್ತು ಹೋಗುತ್ತೀರಿ, ಬರೆಯಿರಿ. ಕುರ್ಚಿಯ ಮೇಲಿನ ಬಟ್ಟೆ ತೆಗೆದಿದ್ದೇನೆ.