ತಾಕತ್ತಿನ ಸೂಜಿ

ನಮ್ಮೂರ ಶಾಲೆಯಿಂದ, ಚಿತ್ತಾಪುರ ತಾಲ್ಲೂಕು
೨೭-೯-೨೦೨೫, ಶನಿವಾರ

ಮಗನೇ ಸಿದ್ಧಲಿಂಗಾ,

ಹೇಗಿದ್ದೀಯಪ್ಪಾ? ಅಲ್ಲಿ ದೌಂಡಿನಲ್ಲೂ ಮಳೆ ಬಿಟ್ಟಿಲ್ಲವಂತೆ. ಹಗಲೆಲ್ಲ ರೈಲು ಹಳಿಯ ಮೇಲೆ ನೀರಿನಲ್ಲಿ ನಿಲ್ಲುವ ಕೆಲಸ ನಿನ್ನದು. ಕಾಲ್ಬೆರಳ ಸಂದಿ ಮತ್ತೆ ಹುಣ್ಣಾಗಿದ್ದರೆ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚು. ಬೂಟು ಬಿಚ್ಚಿದ ಕೂಡಲೇ ಹಚ್ಚು, ಮಲಗುವಾಗ ಹಚ್ಚುತ್ತೇನೆಂದು ಹಾಗೇ ಮಲಗಿಬಿಡುವವನು ನೀನು. ನಾನು, ನಿನ್ನ ಹೆಂಡತಿ ಶಿವಗಂಗಾ, ನಿನ್ನ ಇಬ್ಬರು ಹುಡುಗಿಯರು, ನಾಲ್ವರೂ ಜೀವಂತ ಇದ್ದೇವೆ. ನನ್ನ ಫೋನು ಹೊಳೆಯ ಪಾಲಾಯಿತು, ಅವಳದು ಇದೆ, ಚಾರ್ಜು ಇಲ್ಲ. ಇದ್ದಿದ್ದರೂ ಇದು ಫೋನಿನಲ್ಲಿ ಆಡುವ ಮಾತಲ್ಲ. ಊರಿಗೆ ಊರೇ ಈ ಶಾಲೆ ಸೇರಿದೆ, ನಾನು ಕೆಮ್ಮಿದರೂ ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ನಿನ್ನ ಜೊತೆ ಕೆಲಸ ಮಾಡುವ ಅಮೀರ್ ಅಲಿ, ವಾಡಿ ಊರಿನವರು ಕೂಡಿಸಿದ ರೊಟ್ಟಿ, ಬಟ್ಟೆ ಹಿಡಿದು ಬಂದಿದ್ದಾನೆ. ರಜೆ ಮುಗಿಸಿ ನಾಳೆ ಅಲ್ಲಿಗೇ ಬರುವವನು, ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆಂದಿದ್ದಾನೆ.

ಮೇಲೆ ಬಿಡದೆ ಹೊಡೆದ ಮಳೆ, ಹಿಂದಿನ ಡ್ಯಾಮಿನಿಂದ ಬಿಟ್ಟ ನೀರು. ನಾವು ರೊಟ್ಟಿ ಬಡಿಯುತ್ತಿರುವಾಗಲೇ ಕಾಗಿಣಾ ಹೊಳೆ ಓಣಿಯೊಳಗೆ ಬಂತು. ಹಿತ್ತಲ ಗೋಡೆ ಬಿದ್ದಿದೆ, ಪಡಸಾಲೆಯ ಪರ್ಸಿ ಕಲ್ಲುಗಳು ಮೇಲೆದ್ದಿವೆ, ತೊಗರಿ ಹೊಲ ಎಲ್ಲಿತ್ತೆಂದು ತೋರಿಸಲಿಕ್ಕೂ ಆಗುವುದಿಲ್ಲ. ಒಂದು ಮಾತು, ನೀನು ಬೇರೆಯವರಿಂದ ಕೇಳಿ ನಗುವ ಮೊದಲು ನಾನೇ ಹೇಳಿಬಿಡುತ್ತೇನೆ. ಎಲ್ಲರೂ ಜೋಳದ ಚೀಲ ಹೊರುತ್ತಿದ್ದರೆ ನಾನು ನಿನ್ನನ್ನು ತೂಗಿದ ತೊಟ್ಟಿಲು ಹೊರಿಸಿದೆ. ಪಕ್ಕದ ಮನೆಯ ಭೀಮಶ್ಯಾ ಎದೆಮಟ್ಟದ ನೀರಿನಲ್ಲಿ ಅದನ್ನು ತಲೆಯ ಮೇಲಿಟ್ಟುಕೊಂಡು, ‘ಯವ್ವಾ, ಹೊಟ್ಟಿಗಿ ಜ್ವಾಳ ಬಿಟ್ಟು ಇದೇನ್ ಹೊರಸ್ಲಿಕತ್ತೀದಿ, ನಿನಗ ತಲಿ ನೆಟ್ಟಗ ಅದನೋ ಇಲ್ಲೋ?’ ಎಂದು ದಾರಿಯುದ್ದಕ್ಕೂ ಬೈದ. ಮೊಮ್ಮಗ ಬಂದರೆ ಬೇಕಾಗುತ್ತದೆ ಎಂದೆ. ಪ್ರತಿ ರಜೆಗೆ ಬಂದಾಗ ‘ಮುಂದಿಂದು ಗಂಡೇ ಬಿಡವ್ವಾ’ ಎನ್ನುವವನು ನೀನೇ ಅಲ್ಲವೇ? ಆ ತೊಟ್ಟಿಲು ಈಗ ಶಾಲೆಯ ಐದನೇ ಇಯತ್ತೆಯ ಕೋಣೆಯಲ್ಲಿ ನನ್ನ ತಲೆದೆಸೆಗೆ ಇದೆ. ಅದರ ಮೇಲೆ ಹುಡುಗಿಯರ ಒದ್ದೆ ಲಂಗ ಒಣಗುತ್ತಿವೆ.

ನಮ್ಮೂರ ಆಶಾ ಕಾರ್ಯಕರ್ತೆ ಶೈಸ್ತಾ ನಿನಗೆ ಗೊತ್ತಲ್ಲ, ಮಸೀದಿ ಓಣಿಯವಳು. ಅವಳ ಮನೆಯೂ ನೀರಿನಲ್ಲೇ ಇದೆ. ಆದರೂ ಬಂದವಳೇ ದಿನ ತುಂಬಿದ ಬಸುರಿ ಮಹೆವಿಶಳನ್ನು ಬಾಗಿಲ ಹತ್ತಿರ ಗಾಳಿಗೆ ಮಲಗಿಸಿದಳು, ಕುಡಿಯುವ ನೀರಿನ ಡ್ರಮ್ಮಿಗೆ ಔಷಧಿ ಹಾಕಿ ಮುಚ್ಚಿಟ್ಟಳು. ನನ್ನ ಬಿ.ಪಿ. ಗುಳಿಗೆ ನೆನೆದು ಹಿಟ್ಟಾಗಿದ್ದವು, ಬೇರೆ ತರಿಸಿಕೊಟ್ಟಳು. ಕರಿಹಲಗೆಯ ಪಕ್ಕ ಒಂದು ಸೀರೆ ಅಡ್ಡ ಕಟ್ಟಿ ಹೆಂಗಸರ ಮಾತಿಗೆ ಜಾಗ ಮಾಡಿದ್ದಾಳೆ. ಮಕ್ಕಳು ಬೇಡವೆನ್ನುವವರು, ತಡವಾಗಿ ಬೇಕೆನ್ನುವವರು ಒಬ್ಬೊಬ್ಬರೇ ಒಳಗೆ ಹೋಗಿ ಬರುತ್ತಾರೆ. ಗಂಡಸರಿಗೂ ಪೇಪರಿನಲ್ಲಿ ಸುತ್ತಿ ಏನೋ ಕೊಡುತ್ತಾಳೆ, ಅವರು ಸೂರು ನೋಡುತ್ತಾ ಕಿಸೆಗೆ ಹಾಕಿಕೊಳ್ಳುತ್ತಾರೆ. ಅದರ ಬಗ್ಗೆ ನಿನ್ನ ಮುಂದೆ ಹೆಚ್ಚು ಬರೆಯಲಾರೆ.

ಮೊನ್ನೆ ದವಾಖಾನೆಯ ಸಿಸ್ಟರ್ ಟ್ರ್ಯಾಕ್ಟರಿನಲ್ಲಿ ಔಷಧಿ ಪೆಟ್ಟಿಗೆ ತಂದರು. ಸೀರೆಯ ಹಿಂದಿನಿಂದ ಹೊರಗೆ ಬಂದ ಶಿವಗಂಗಾಳ ಮುಖದಲ್ಲಿ ರಕ್ತವೇ ಇರಲಿಲ್ಲ. ಏನಾಯಿತೆಂದರೆ ‘ಸೂಜಿ ತಂದಿಲ್ಲಂತ್ರಿ ಅತ್ತಿ’ ಎಂದಳು. ಸಣ್ಣವಳ ಬಾಣಂತನಕ್ಕೆ ಅವಳು ಚಿಮ್ಮನಚೋಡದ ತವರಿನಲ್ಲಿದ್ದಳು. ನಾನು ಕಣ್ಣಾರೆ ಏನೂ ನೋಡಲಿಲ್ಲ. ‘ಏನಿಲ್ಲವ್ವಾ, ಸ್ವಲ್ಪ ನಿಶ್ಶಕ್ತಿ ಅಂದಾರ ಡಾಕ್ಟರು’ ಎಂದು ನೀನು ಹೇಳಿದ್ದೇ ನನಗೆ ಗೊತ್ತಿದ್ದದ್ದು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಅವಳು ತಾಕತ್ತಿನ ಸೂಜಿ ಎಂದು ಶೈಸ್ತಾಳ ಜೊತೆ ಹೋಗುತ್ತಾಳೆ. ಅವಳು ಮರೆತರೂ ನಾನು ಮರೆಯುವವಳಲ್ಲ. ನಾನೇ ನೆನಪಿಸಿ ಕಳಿಸಿ, ಬಂದ ಮೇಲೆ ಬಿಸಿ ಹಾಲಿಗೆ ತುಪ್ಪ ಹಾಕಿ ಕುಡಿಸಿದ್ದೇನೆ. ಹೀಗಿರುವಾಗ ಹೊಳೆ ಬಂತೆಂದು ನನ್ನ ಸೊಸೆಯ ಸೂಜಿ ತಪ್ಪಿಸುವುದೆಂದರೇನು? ಎದ್ದು ನಿಂತು ಇಡೀ ಕೋಣೆ ಕೇಳುವಂತೆ, ‘ಸಿಸ್ಟರ್, ಎಲ್ಲಾರಿಗಿ ಗುಳಿಗಿ ಕೊಡ್ಲಿಕತ್ತೀರಿ, ನಮ್ಮ ಶಿವಗಂಗಾನ ಮೂರ ತಿಂಗಳಿನ ಸೂಜಿ ಯಾಕ ತರಲಿಲ್ಲ? ಅಕಿ ಸತ್ತಮ್ಯಾಲ ತರ್ತೀರೇನು?’ ಎಂದು ಜಗಳ ತೆಗೆದೆ. ಶೈಸ್ತಾ ಓಡಿಬಂದು ‘ಸುಮ್ಮ ಕುಂದ್ರಿ ಕಾಕಿ, ನಾ ಆಮ್ಯಾಲ ಹೇಳ್ತೀನಿ’ ಎಂದು ಕೈ ಹಿಡಿದಳು. ನಾನು ಕುಳಿತರೆ ತಾನೇ? ಆಗ ನಮ್ಮ ಓಣಿಯ ಅನಸುಬಾಯಿ, ‘ಶಿವಕಾಂತಮ್ಮಾ, ಅದು ತಾಕತ್ತಿಂದಲ್ಲ ತಾಯಿ, ಮಕ್ಕಳಾಗಬಾರ್ದಂತ ಹಾಕೂದು. ನಮ್ಮ ಸೊಸಿನೂ ಅದೇ ಹಾಕಸ್ಕೋತಾಳ’ ಎಂದಳು. ಯಾರೋ ನಕ್ಕರು. ಗಂಡಸರೂ ಅಲ್ಲೇ ಇದ್ದರು.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳಿಗೆ ತಿಂಗಳು ತಪ್ಪಿದಾಗಲೆಲ್ಲ ನಾನು ಅಟ್ಟ ಹತ್ತಿ ತೊಟ್ಟಿಲು ಒರೆಸಿ ಇಳಿದವಳು. ತಿಂಗಳು ತಪ್ಪುವುದು ಆ ಸೂಜಿಯ ಗುಣವಂತೆ. ಶಿವಗಂಗಾಳ ಜೊತೆ ಮಾತು ಬಿಟ್ಟೆ, ಅವಳು ತಂದ ಚಹಾ ಮುಟ್ಟಲಿಲ್ಲ. ನಿನ್ನೆ ಮುಂಜಾನೆ ವರಾಂಡದ ತುದಿಯಲ್ಲಿ ಬಟ್ಟೆ ಹಿಂಡುತ್ತಿದ್ದವಳು ನನ್ನ ಕಡೆ ನೋಡದೆಯೇ ಹೇಳಿದಳು: ‘ಅತ್ತಿ, ಸಣ್ಣಾಕಿ ಹುಟ್ಟಿದಾಗ ನನಗ ಬಾಟ್ಲಿಗಟ್ಟಲೆ ರಕ್ತ ಏರಿಸ್ಯಾರ. ಇನ್ನೊಮ್ಮಿ ಬಸರಾದ್ರ ಜೀವಕ್ಕ ಧೋಖಾ ಅದ ಅಂತ ಡಾಕ್ಟರು ನಿಮ್ಮ ಮಗಗ ಹೇಳ್ಯಾರ, ನಾ ಅಲ್ಲೇ ಮಲಗಿದ್ನಿ. ಅವ್ವಗ ಹೇಳಬ್ಯಾಡ ಅಂದ್ರು. ಸೂಜಿನೂ ಬ್ಯಾಡ ಅಂದ್ರು. ಹುಡುಗ್ಯಾರಿಗಿ ಅವ್ವ ಬೇಕಲ್ರಿ, ಅದಕ್ಕ ಅವರಿಗಿ ತಿಳೀದಾಂಗ ಹಾಕಸ್ಕೊಂಡೆ.’

ಸಿದ್ಧಲಿಂಗಾ, ಕೇಳು. ಗಂಡು ಮೊಮ್ಮಗ ಬೇಕೆಂಬ ಆಸೆ ನನಗಿತ್ತು, ಈಗಲೂ ಇದೆ. ಆದರೆ ಆ ಹುಡುಗಿಯ ಜೀವ ತೆಗೆದುಕೊಂಡು ಬರುವ ಮೊಮ್ಮಗನನ್ನು ಇಟ್ಟುಕೊಂಡು ನಾನೇನು ಮಾಡಲಿ? ಅವಳು ನನಗೆ ಸುಳ್ಳು ಹೇಳಿದಳು, ಆ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಅವಳು ಬದುಕಬೇಕೆಂದು ಆ ಸುಳ್ಳು ಹೇಳಿದಳು. ನೀನು ಯಾಕೆ ಹೇಳಿದೆ? ಡಾಕ್ಟರ ಮಾತು ಕಿವಿಯಲ್ಲಿ ಇಟ್ಟುಕೊಂಡೇ ‘ಮುಂದಿಂದು ಗಂಡು’ ಎಂದು ನನ್ನ ಮುಂದೆ ನಗುತ್ತಿದ್ದೆಯಲ್ಲ, ಅದು ಹೇಗೆ ಬಂತು ಮಗನೇ ನಿನಗೆ? ಅವಳ ಗುಟ್ಟು ಬಯಲಿಗೆ ಹಾಕಿದವಳು ನಾನು. ಯಾರಾದರೂ ಉಪ್ಪುಖಾರ ಹಚ್ಚಿ ನಿನಗೆ ಮುಟ್ಟಿಸುವ ಮೊದಲು ನನ್ನಿಂದಲೇ ಗೊತ್ತಾಗಲಿ ಎಂದು, ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಮಹೆವಿಶಗೆ ನೋವು ಶುರುವಾಯಿತು. ಅವಳ ಗಂಡ ಶಹಾಬಾದಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಅತ್ತೆಗೆ ಮೊಣಕಾಲು ಬಗ್ಗುವುದಿಲ್ಲ. ಟ್ರ್ಯಾಕ್ಟರಿನಲ್ಲಿ ಶೈಸ್ತಾಳಲ್ಲದೆ ಜೊತೆಗೆ ಇನ್ನೊಬ್ಬರು ಬೇಕಿತ್ತು. ನಾನು ಶೈಸ್ತಾಳ ಕಿವಿಯಲ್ಲಿ, ಆ ಸೂಜಿ ಚಿತ್ತಾಪುರದ ದವಾಖಾನೆಯಲ್ಲಿ ಸಿಗುತ್ತದೆಯೇ ಎಂದು ಕೇಳಿದೆ. ‘ಸಿಗಬೇಕು ಕಾಕಿ. ತಾರೀಖು ದಾಟ್ಯಾದ, ಇನ್ನ ತಡಾ ಮಾಡಬಾರ್ದು’ ಎಂದಳು. ದಸರೆಗೆ ನೀನು ಬರುವವನು. ನಾನೇ ಶಿವಗಂಗಾಳಿಗೆ ನನ್ನ ಶಾಲು ಹೊದಿಸಿ ಹತ್ತಿಸಿದೆ. ಹಳ್ಳದ ಹತ್ತಿರ ಗಾಲಿಗಳು ಮುಳುಗಿದ್ದು ಇಲ್ಲಿಂದಲೇ ಕಂಡಿತು, ಆಮೇಲೆ ಏನೂ ಕಾಣಲಿಲ್ಲ. ಈಗ ಹೊತ್ತು ಇಳಿಯುತ್ತಿದೆ, ಇನ್ನೂ ಬಂದಿಲ್ಲ. ಹಿರಿಯವಳು ನನಗೆ ಆತುಕೊಂಡು ಕೂತಿದ್ದಾಳೆ, ಸಣ್ಣವಳು ಬಾಗಿಲು ಬಿಟ್ಟು ಏಳುತ್ತಿಲ್ಲ. ಜೀವ ಉಳಿಯಲೆಂದು ಕಳಿಸಿದೆನೋ, ನೀರಿನ ಬಾಯಿಗೆ ಕಳಿಸಿದೆನೋ ತಿಳಿಯದೆ, ಒಂದು ಸಾಲು ಬರೆದು ಒಮ್ಮೆ ಹಳ್ಳದ ಕಡೆ ನೋಡುತ್ತಿದ್ದೇನೆ.

ರೈಲು ನಡೆದರೆ ಹಬ್ಬಕ್ಕೆ ಬಾ. ಈ ಸಲ ಬನ್ನಿ ಎಲೆ ಮೊದಲು ಅವಳ ಕೈಗೆ ಕೊಡು, ನನಗೆ ಆಮೇಲೆ. ಸಿಟ್ಟು ಬಂದಿದ್ದರೆ ನನ್ನ ಮೇಲೆ ತೀರಿಸಿಕೋ. ತವರಿಗೆ ಕಳಿಸುತ್ತೇನೆಂಬ ಮಾತು ನಿನ್ನ ಬಾಯಲ್ಲಿ ಬಂದರೆ, ಅವಳ ಗಂಟಿನ ಜೊತೆ ನನ್ನ ಟ್ರಂಕೂ ಚಿಮ್ಮನಚೋಡದ ಬಸ್ಸು ಹತ್ತುತ್ತದೆ. ಹೊತ್ತಿಗೆ ಸರಿಯಾಗಿ ಉಣ್ಣು. ಬಸವಣ್ಣ ನಿನ್ನ ಕಾಲೂ ಕಾಯಲಿ, ಬುದ್ಧಿಯನ್ನೂ ಕಾಯಲಿ.

ನಿನ್ನ ಅವ್ವ,
ಶಿವಕಾಂತಮ್ಮ

ತಾ.ಕ.: ಅಮೀರ್ ಅಲಿಯನ್ನು ಇಷ್ಟು ಹೊತ್ತು ತಡೆದು ನಿಲ್ಲಿಸಿದ್ದೆ, ಈಗ ಗಾಡಿ ಚಾಲೂ ಮಾಡಿದ್ದಾನೆ. ಟ್ರ್ಯಾಕ್ಟರ್ ಬಂತು! ಶಿವಗಂಗಾ ಸೊಂಟದವರೆಗೆ ಕೆಸರು ಮಾಡಿಕೊಂಡು ಇಳಿದಳು. ಮಹೆವಿಶಗೆ ಹೆಣ್ಣು ಮಗು, ತಾಯಿ ಮಗು ಆರಾಮಾಗಿದ್ದಾರಂತೆ, ದವಾಖಾನೆಯಿಂದ ಬಿಟ್ಟ ಮೇಲೆ ಇಲ್ಲಿಗೇ ಬರುತ್ತಾರೆ. ಸೂಜಿ ಸಿಕ್ಕಿತು, ಇವಳು ಹಾಕಿಸಿಕೊಂಡಳು. ತುಪ್ಪ ಹೊಳೆಗೆ ಹೋಗಿದೆ, ಬರೀ ಹಾಲು ಕಾಸಿ ಕೊಟ್ಟೆ. ಮುಂದಿನ ಸೂಜಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಗೊತ್ತಿದ್ದೂ ಹೋಗುತ್ತೇನೆ. ನೀನು ಬಂದು ತೊಟ್ಟಿಲು ಎಲ್ಲಿ ಎಂದು ಹುಡುಕಬೇಡ. ಲಂಗ ತೆಗೆದು, ಒರೆಸಿ, ಮಹೆವಿಶಳ ಜಾಗದಲ್ಲಿ ಕಟ್ಟಿಸಿದೆ. ನೀರು ಇಳಿದ ಮೇಲೆ ಅದು ಅವಳ ಮನೆಗೇ ಹೋಗುತ್ತದೆ. ಹೊರುವಾಗ ಭೀಮಶ್ಯಾ ಈ ಸಲ ಬೈಯಲಿಲ್ಲ.