ಮೂರು ಸಿಲಿಂಡರಿನ ಕಾರಿನಲ್ಲಿ ಅಮ್ಮ

ಪ್ರೀತಿಯ ಅಪ್ಪ,

ಒಳ್ಳೆಯ ಸುದ್ದಿಯನ್ನು ಮೊದಲು ನಿಮಗೇ ಹೇಳುವ ಅಭ್ಯಾಸ ಇನ್ನೂ ಬಿಟ್ಟಿಲ್ಲ ನೋಡಿ. ನೀವಿದ್ದಿದ್ದರೆ ಎಗ್ಮೋರಿನ ನಿಮ್ಮ ಹೋಟೆಲಿನ ಗಲ್ಲಾಕ್ಕೆ ಫೋನ್ ಮಾಡುತ್ತಿದ್ದೆ. ಈಗ ಈ ಕಾಗದ.

ಮಧ್ಯಾಹ್ನ ಗಿರಾಕಿಗಳು ಕಡಿಮೆಯಾದಾಗ ಕಾಫಿ ಲೋಟಗಳನ್ನು ಮೇಜಿನ ಮೇಲೆ ಜೋಡಿಸಿ ನನಗೆ ಎಂಜಿನ್ ಪಾಠ ಮಾಡುತ್ತಿದ್ದದ್ದು ನೆನಪಿದೆಯಾ? ಒಂದೊಂದು ಲೋಟ ಒಂದೊಂದು ಸಿಲಿಂಡರ್; ನಾಲ್ಕು ಲೋಟ ಸಾಲಾಗಿ ಇಟ್ಟರೆ ಅದು ನಮ್ಮ ಕಾರು. ತುದಿಯ ಎರಡರ ಪಿಸ್ಟನ್ ಮೇಲೆ ಹೋದಾಗ ನಡುವಿನ ಎರಡರದ್ದು ಕೆಳಗೆ, ಹಾಗಾಗಿ ಕುಲುಕಾಟ ಕಡಿಮೆ. ಆರನ್ನು ಒಂದೇ ಸಾಲಿನಲ್ಲಿಟ್ಟರೆ ಉದ್ದವಾಯಿತೆಂದು ಮೂರು ಮೂರನ್ನು ಎರಡು ಕಡೆಗೆ ವಾಲಿಸುತ್ತಿದ್ದಿರಿ. ಜಾಗ ಉಳಿಯಿತು, ಆದರೆ ರಿಪೇರಿ ಬಂದರೆ ಎರಡೂ ಕಡೆ ಬಿಚ್ಚಬೇಕು. ಆಮೇಲೆ ಲೋಟಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಮಲಗಿಸಿ, "ಇದು ಭಾರೀ ನಯ. ಒಂದರ ಗುದ್ದನ್ನು ಇನ್ನೊಂದು ಸಮ ಮಾಡ್ತದೆ. ಆದ್ರೆ ಅಗಲ ಜಾಸ್ತಿ ಮಾರಾಯ್ತಿ" ಎನ್ನುತ್ತಿದ್ದಿರಿ. ಮೂರು ಲೋಟದ್ದನ್ನು ಮಾತ್ರ "ಅದೂ ಒಂದು ಎಂಜಿನ್ನಾ?" ಎಂದು ತಳ್ಳಿಬಿಡುತ್ತಿದ್ದಿರಿ.

ಪ್ಯಾರೀಸ್ ಕಾರ್ನರಿನ ಸರ್ಕಲಿನಲ್ಲಿ ಒಮ್ಮೆ ಸ್ಪಾರ್ಕ್ ಪ್ಲಗ್ ಕೈಕೊಟ್ಟು, ನಾಲ್ಕರಲ್ಲಿ ಒಂದು ಸಿಲಿಂಡರ್ ನಿಂತು, ಕಾರು ಗಡಗಡ ನಡುಗಿದಾಗ ಅಮ್ಮನನ್ನೂ ನನ್ನನ್ನೂ ತಮ್ಮ ಸುಧಿಯನ್ನೂ ರಸ್ತೆಯಲ್ಲೇ ಇಳಿಸಿದಿರಿ. "ನಡುಗುವ ಎಂಜಿನ್ ನಂಬಬಾರ್ದು. ಕೂಡ್ಲೇ ಇಳೀಬೇಕು." ಅಮ್ಮ ಅದನ್ನು ವೇದವಾಕ್ಯ ಮಾಡಿಕೊಂಡಳು. ನಿಮ್ಮ ಯಾವ ಮಾತನ್ನು ತಾನೇ ಹಾಗೆ ಮಾಡಿಕೊಳ್ಳಲಿಲ್ಲ?

ನೀವು ತೀರಿಹೋದ ವರ್ಷವೇ ವೇಲಚೇರಿಯ ನಮ್ಮ ಬೀದಿಗೆ ಬಂದ ನೆರೆನೀರು ನಿಮ್ಮ ಕಾರಿನೊಳಕ್ಕೂ ನುಗ್ಗಿತು. ಅದು ಮತ್ತೆ ಏಳಲಿಲ್ಲ. ಅಮ್ಮನಿಗೆ ಮಂಡಿನೋವು, ಆಟೋ ಹತ್ತಲು ಆಗದೆ ಹೊರಗೆ ಹೋಗುವುದನ್ನೇ ಬಿಟ್ಟಳು. ಅವಳಿಗೆಂದೇ ನಾನೂ ಸುಧಿಯೂ ಸೇರಿ ಚಿಕ್ಕ ಕಾರು ತೆಗೆದುಕೊಂಡೆವು, ಮೂರು ಸಿಲಿಂಡರಿನದ್ದು. ಮೊದಲ ದಿನ ಸಿಗ್ನಲ್ಲಿನಲ್ಲಿ ನಿಂತಾಗ ಅದು ಸಣ್ಣಗೆ ನಡುಗಿತು ನೋಡಿ, ಅಮ್ಮ ಬಾಗಿಲು ತೆಗೆದು ಇಳಿದೇಬಿಟ್ಟಳು! ಹಿಂದೆ ಬಸ್ಸಿನ ಹಾರನ್, ಮುಂದೆ ಹಸಿರು ದೀಪ, ಅಮ್ಮ ಚೀಲ ಅವುಚಿಕೊಂಡು ಫುಟ್‌ಪಾತಿನಲ್ಲಿ. "ನಿನ್ನ ಅಪ್ಪ ಹೇಳಿದ್ದು ಮರ್ತೆಯಾ?" ಆಮೇಲೆ ಎಷ್ಟು ಬೇಡಿಕೊಂಡರೂ ಆ ಕಾರು ಹತ್ತಲಿಲ್ಲ. "ವಿಡು ಅಕ್ಕಾ, ಮಾರಿಬಿಡುವ" ಎಂದ ಸುಧಿ, ಎಂದಿನಂತೆ ತಮಿಳು ಬೆರೆಸಿ. ಇನ್ನು ಇವಳು ಮೂರನೇ ಮಹಡಿಯ ನಮ್ಮ ಮನೆಯೊಳಗೇ ಉಳಿದುಬಿಡುತ್ತಾಳೇನೋ ಎಂದು ನನಗೆ ನಿಜಕ್ಕೂ ಭಯವಾಗಿತ್ತು ಅಪ್ಪ.

ನಿನ್ನೆ ಕಾಫಿ ಕುಡಿದ ಮೇಲೆ ಮೂರು ಲೋಟಗಳನ್ನು ಸಾಲಾಗಿ ಇಟ್ಟೆ. "ನೋಡಮ್ಮ, ನಾಲ್ಕಿದ್ರೆ ಎರಡು ಜೋಡಿ. ಮೂರಿದ್ರೆ ಜೋಡಿ ಕೂಡೋದಿಲ್ಲ, ಅದಕ್ಕೇ ತೊಟ್ಟಿಲ ಹಾಗೆ ಸ್ವಲ್ಪ ತೂಗ್ತದೆ. ಪೆಟ್ರೋಲ್ ಕಡಿಮೆ ಸಾಕು, ಜಾಗವೂ ಕಡಿಮೆ. ಈ ನಡುಕ ರೋಗ ಅಲ್ಲ, ಹುಟ್ಟುಗುಣ."

"ಪ್ಯಾರೀಸ್ ಕಾರ್ನರಲ್ಲಿ ನಮ್ಮದಕ್ಕೂ ಉಳಿದದ್ದು ಮೂರೇ ಅಲ್ವಾ?"

"ಅದು ನಾಲ್ಕಕ್ಕೆ ಅಂತ ಮಾಡಿದ್ದು ಅಮ್ಮ. ಒಂದು ನಿಂತ್ರೆ ಮುಗ್ಗರಿಸ್ತದೆ. ಇದು ಮೂರಕ್ಕೇ ಮಾಡಿದ್ದು."

ಅಮ್ಮ ಲೋಟಗಳನ್ನೇ ನೋಡುತ್ತ ಕೂತಳು. "ನಮ್ಮ ಸಂಸಾರವೂ ನಾಲ್ಕಕ್ಕೆ ಅಂತ ಮಾಡಿದ್ದೇ" ಎಂದಳು.

ಇಬ್ಬರೂ ಅತ್ತೆವು. ನೀವು ಹೋದ ಮೇಲೆ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲು.

ಇವತ್ತು ಬೆಳಿಗ್ಗೆ ನೋಡಿದರೆ ಅವಳೇ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ ತಯಾರು! ಎಗ್ಮೋರಿಗೆ ಹೊರಟೆವು, ನಿಮ್ಮ ಹೋಟೆಲಿಗೇ. ಪ್ರತಿ ಸಿಗ್ನಲ್ಲಿನಲ್ಲೂ ಕಾರು ನಡುಗಿತು. ನನ್ನ ಕಣ್ಣೆಲ್ಲ ಅವಳ ಕೈ ಮೇಲೆ. ಆ ಕೈ ಬಾಗಿಲಿನ ಕಡೆ ಹೋಗಲೇ ಇಲ್ಲ. ಎಷ್ಟು ದಿನದಿಂದ ಹೊತ್ತಿದ್ದ ಭಾರ ಅಪ್ಪ, ಅಲ್ಲೇ ಇಳಿದ ಹಾಗಾಯಿತು. ಹಸಿರು ದೀಪ ಬಂದರೂ ನಾನು ಅವಳನ್ನೇ ನೋಡುತ್ತಿದ್ದೆನಲ್ಲ, ಗದರಿಬಿಟ್ಟಳು:

"ನಡುಗಲಿ ಬಿಡು ಮಾರಾಯ್ತಿ. ಹೋಗ್ತಾ ಉಂಟಲ್ಲ!"

ನಿಮ್ಮ ಮಗಳು,
ವಿದ್ಯಾ